ಬಂಗಾರ ಇದೆ ಅಂದರು, ಸರಿ. ಕಲ್ಲಿನೊಳಗೆ ಎಲ್ಲಿ ಕೂತಿದೆ?

ಓದುಗರ ಪ್ರಶ್ನೆ, ನಮ್ಮ ಉತ್ತರ

ಹಿಂದಿನ ಸಂಚಿಕೆಯಲ್ಲಿ ಹಟ್ಟಿ ಚಿನ್ನದ ಗಣಿ ಬಗ್ಗೆ ಸುಮ್ನೆ ಎರಡು ಸಾಲು ಬರೆದಿದ್ದೆ. ಅದೇ ನೆಪ. ಯಾದಗಿರಿ, ಕಲಬುರಗಿ, ಬೀದರ್ ಕಡೆಯಿಂದ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಕಲ್ಲಿನ ವಿಷಯವೇ. ಎಷ್ಟಿದೆ ಅಂತ ಎಲ್ಲರೂ ಕೇಳಿದ್ದಾರೆ. ಎಲ್ಲಿದೆ ಅಂತ ಕೇಳಿದವರು ಇಬ್ಬರೇ. ಅವರ ಪತ್ರಗಳಿಗೆ ಇಲ್ಲಿ ಜಾಸ್ತಿ ಜಾಗ ಕೊಟ್ಟಿದ್ದೇನೆ, ಉಳಿದವರು ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ಸರ್, ನಮಸ್ಕಾರ. ನಾವು ಸುರಪುರ ತಾಲ್ಲೂಕಿನವರು. ನಮ್ಮ ಕಾಕಾನ ಹೊಲದ ಬದುವಿನಲ್ಲಿ ಬೆಣಚುಕಲ್ಲಿನ ಒಂದು ಪಟ್ಟಿ ಇದೆ. ಹತ್ತಿರದಲ್ಲೇ ಹಳೇ ಕಾಲದ ಗುಂಡಿಗಳಿವೆ. ಒಂದು ಕಲ್ಲು ಒಡೆದು ಎರಡು ಭಾಗ ಮಾಡಿ ಪರೀಕ್ಷೆಗೆ ಕಳಿಸಿದೆವು. ಒಂದರಲ್ಲಿ ಟನ್ನಿಗೆ 0.8 ಗ್ರಾಂ, ಇನ್ನೊಂದರಲ್ಲಿ 3.1 ಗ್ರಾಂ ಅಂತ ಬಂತು. ಆಮೇಲೆ ಒಬ್ಬರು ಸಯನೈಡ್ ಪರೀಕ್ಷೆ ಮಾಡಿಸಿ, ಇದರಲ್ಲಿ ಅರ್ಧ ಮಾತ್ರ ಹೊರಗೆ ಬರುತ್ತದೆ ಅಂದರು. ಯಾರು ಸುಳ್ಳು ಹೇಳುತ್ತಿದ್ದಾರೆ?

ಉತ್ತರ: ಬಹುಶಃ ಯಾರೂ ಇಲ್ಲ. ಮೂವರೂ ಖರೇನೇ ಹೇಳಿರಬಹುದು.

ಮೊದಲು 0.8 ಮತ್ತು 3.1ರ ಜಗಳ ಬಗೆಹರಿಸೋಣ. ಪ್ರಯೋಗಾಲಯದವರು ನಿಮ್ಮ ಕಲ್ಲನ್ನೆಲ್ಲ ಕರಗಿಸುವುದಿಲ್ಲ. ಪುಡಿ ಮಾಡಿ ಅದರಲ್ಲಿ 30 ಗ್ರಾಂ ಅಥವಾ 50 ಗ್ರಾಂ ತೂಗಿ ಕುಲುಮೆಗೆ ಇಡುತ್ತಾರೆ. ಟನ್ನಿಗೆ 2 ಗ್ರಾಂ ಇರುವ ಅದಿರು ಅಂದುಕೊಳ್ಳಿ, 30 ಗ್ರಾಂ ಪುಡಿಯಲ್ಲಿ ಇರಬೇಕಾದ ಚಿನ್ನ 60 ಮೈಕ್ರೋಗ್ರಾಂ. ಈಗ ಚಿನ್ನದ ಒಂದೇ ಒಂದು ಚೌಕ ಕಣ ತೆಗೆದುಕೊಳ್ಳಿ, ಒಂದೊಂದು ಬದಿ 150 ಮೈಕ್ರಾನ್, ಅಂದರೆ ಎರಡು ಕೂದಲು ಪಕ್ಕಪಕ್ಕ ಇಟ್ಟಷ್ಟು ದಪ್ಪ. ಚಿನ್ನದ ಸಾಂದ್ರತೆ 19.3 ಆದ್ದರಿಂದ ಅಷ್ಟು ಸಣ್ಣ ಕಣವೇ ಸುಮಾರು 65 ಮೈಕ್ರೋಗ್ರಾಂ ತೂಗುತ್ತದೆ. ಆ ಒಂದು ಕಣ ಚಮಚದೊಳಗೆ ಬಿದ್ದರೆ ನಿಮ್ಮ ಕಲ್ಲು ಶ್ರೀಮಂತ, ಬೀಳದಿದ್ದರೆ ಬಡವ. ಚಿನ್ನ ದಪ್ಪ ಕಣಗಳಾಗಿ ಇದ್ದಷ್ಟೂ ಈ ಆಟ ಜಾಸ್ತಿ. ಅದಕ್ಕೆ ಬೇರೆ ದಾರಿ ಇದೆ: ಒಂದು ಕಿಲೋ ಪುಡಿಯನ್ನು ಸಣ್ಣ ಜರಡಿಯಲ್ಲಿ ಹಿಡಿದು, ಮೇಲೆ ಉಳಿದ ದಪ್ಪ ಭಾಗವನ್ನು ಪೂರ್ತಿ, ಕೆಳಗೆ ಬಿದ್ದ ನುಣುಪನ್ನು ಎರಡು ಸಲ ಪರೀಕ್ಷೆ ಮಾಡಿ, ತೂಕ ನೋಡಿ ಕೂಡಿಸುತ್ತಾರೆ. ಮುಂದಿನ ಸಲ ಅದನ್ನೇ ಕೇಳಿ. ನಿಮ್ಮ ಎರಡು ಅಂಕಿಗಳು ಇಷ್ಟು ದೂರ ಇವೆ ಅಂದರೆ, ಸ್ವಲ್ಪವಾದರೂ ದಪ್ಪ ಕಣದ ಚಿನ್ನ ನಿಮ್ಮ ಕಲ್ಲಿನಲ್ಲಿ ಇರಬಹುದು ಅನ್ನುವುದು ನನ್ನ ಗುಮಾನಿ.

ಈಗ ಸಯನೈಡಿನ ಮಾತು. ಕುಲುಮೆ ಪರೀಕ್ಷೆ ಒಟ್ಟು ಲೆಕ್ಕ ಕೊಡುತ್ತದೆ. ಎಲ್ಲಿ ಕೂತಿದೆ ಅಂತ ಅದು ಹೇಳುವುದಿಲ್ಲ, ಹೇಳಲು ಅದಕ್ಕೆ ಆಗುವುದೂ ಇಲ್ಲ. ಯಾಕೆಂದರೆ ಕಲ್ಲನ್ನೇ ಕರಗಿಸಿಬಿಟ್ಟಿರುತ್ತದೆ. ಚಿನ್ನ ಕಲ್ಲಿನಲ್ಲಿ ಮೂರು ತರಹ ಕೂರುತ್ತದೆ. ಒಂದು, ಬಿಡಿ ಕಣ. ತೊಗರಿ ಬೇಳೆಯಲ್ಲಿ ಬಿದ್ದ ಹರಳಿನ ಹಾಗೆ. ಪುಡಿ ಮಾಡಿ ನೀರಲ್ಲಿ ಜಾಲಿಸಿದರೆ ತಾನಾಗೇ ತಳಕ್ಕೆ ಹೋಗುತ್ತದೆ. ಎರಡು, ಬೇರೆ ಖನಿಜದ ಹೊಟ್ಟೆಯಲ್ಲಿ ಸಿಕ್ಕಿಕೊಂಡ ಕಣ. ಹೋಳಿಗೆಯೊಳಗಿನ ಹೂರಣ ಇದ್ದ ಹಾಗೆ, ಮೇಲಿನ ಕಣಕ ಹರಿಯದೆ ಕೈಗೆ ಸಿಗದು, ಅಂದರೆ ಇನ್ನೂ ನುಣ್ಣಗೆ ಅರೆಯಬೇಕು. ಮೂರನೆಯದು ಚಪಾತಿ ಹಿಟ್ಟಿಗೆ ಹಾಕಿದ ಉಪ್ಪು. (ಜೋಳದ ರೊಟ್ಟಿಗೆ ನಾವು ಉಪ್ಪು ಹಾಕುವುದಿಲ್ಲ, ಅದಕ್ಕೇ ಚಪಾತಿ ಅಂದೆ.) ಎಷ್ಟು ಅರೆದರೂ ಉಪ್ಪಿನ ಹರಳು ಸಿಗುವುದಿಲ್ಲ, ಆದರೆ ಉಪ್ಪು ಇದೆ. ಪೈರೈಟ್ ಮತ್ತು ಅದಕ್ಕಿಂತ ಜಾಸ್ತಿಯಾಗಿ ಆರ್ಸೆನೋಪೈರೈಟ್ ಅನ್ನುವ ಎರಡು ಗಂಧಕದ ಖನಿಜಗಳು ಚಿನ್ನವನ್ನು ಹೀಗೆ ತಮ್ಮ ಹರಳಿನೊಳಗೇ ಬೆರೆಸಿಕೊಂಡು ಇಟ್ಟುಕೊಳ್ಳುತ್ತವೆ. ಸಯನೈಡ್ ನೀರು ಮುಟ್ಟಿದ ಚಿನ್ನವನ್ನು ಮಾತ್ರ ಕರಗಿಸುತ್ತದೆ. ಹರಳಿನೊಳಗೆ ಇರುವುದನ್ನು ಅದು ಮುಟ್ಟುವುದೇ ಇಲ್ಲ. ಅರ್ಧ ಹೊರಗೆ ಬಂತು ಅಂದರೆ ಉಳಿದರ್ಧ ಇಲ್ಲ ಅಂತಲ್ಲ, ಒಳಗೆ ಬಾಗಿಲು ಹಾಕಿಕೊಂಡು ಕೂತಿದೆ ಅಂತ.

ಹಳೇ ಗುಂಡಿ ಅಂದಿರಲ್ಲ, ಅದು ಆಶ್ಚರ್ಯ ಏನಲ್ಲ. ನಿಮ್ಮ ತಾಲ್ಲೂಕಿನ ಮಂಗಳೂರು (ಕರಾವಳಿಯದ್ದಲ್ಲ) ಸುತ್ತಿನ ಶಿಲಾಪಟ್ಟಿಯಲ್ಲಿ ಅಂಥವು ಇವೆ, ಆಚೆ ಹಟ್ಟಿ ಮಸ್ಕಿ ಕಡೆಯೂ ಇವೆ. ಮಸ್ಕಿಯಲ್ಲಿ ಅಶೋಕನ ಹೆಸರಿರುವ ಶಾಸನವನ್ನು 1915ರಲ್ಲಿ ಕಂಡುಹಿಡಿದವರು ಬೀಡನ್ ಅನ್ನುವ ಚಿನ್ನದ ಗಣಿಯ ಇಂಜಿನಿಯರ್. ಬಂಗಾರ ಹುಡುಕುವ ಕೆಲಸದಲ್ಲಿದ್ದವರಿಗೆ ಅಶೋಕ ಸಿಕ್ಕ! ಆ ಹಳಬರ ಹತ್ತಿರ ಇದ್ದದ್ದು ಬೆಂಕಿ, ಗುಂಡುಕಲ್ಲು, ನೀರು. ಮೊದಲ ತರಹದ ಚಿನ್ನವನ್ನು ಅವರು ತೆಗೆದುಕೊಂಡು ಹೋದರು. ಮೂರನೆಯದನ್ನು ಬಿಟ್ಟು ಹೋದರು, ಇದೆ ಅಂತಲೂ ಅವರಿಗೆ ಗೊತ್ತಿರಲಿಲ್ಲ.

ಇನ್ನೊಂದು ಮಾತು. ಹೊಲ ನಿಮ್ಮದೇ ಆದರೂ ಗಣಿ ಗುತ್ತಿಗೆ ಇಲ್ಲದೆ ತೋಡುವುದು 1957ರ ಗಣಿ ಮತ್ತು ಖನಿಜ ಕಾಯ್ದೆ ಪ್ರಕಾರ ಅಪರಾಧ. ಕಾಕಾನಿಗೂ ಹೇಳಿ.

ಪ್ರಶ್ನೆ: ನಾನು ಕಲಬುರಗಿಯಲ್ಲಿ ಬಿ.ಎಸ್ಸಿ. ಓದುತ್ತಿದ್ದೇನೆ, ಭೂವಿಜ್ಞಾನ ಒಂದು ವಿಷಯ. ಚಿನ್ನ ಯಾವ ಖನಿಜದಲ್ಲಿ ಎಷ್ಟು ಹಂಚಿಹೋಗಿದೆ ಅಂತ ಕಂಡುಹಿಡಿಯುವುದು ಹೇಗೆ ಸರ್? ಪುಸ್ತಕದಲ್ಲಿ ಯಂತ್ರಗಳ ಹೆಸರು ಮಾತ್ರ ಇದೆ.

ಉತ್ತರ: ಯಂತ್ರಗಳನ್ನು ಒಂದು ಗಳಿಗೆ ಮರೆತುಬಿಡು. ಇದು ಮನೆ ಖರ್ಚಿನ ಲೆಕ್ಕ. ಯಾವ ಖನಿಜ ಎಷ್ಟಿದೆ, ಅದರ ಒಂದೊಂದು ಟನ್ನಿನಲ್ಲಿ ಚಿನ್ನ ಎಷ್ಟಿದೆ, ಎರಡನ್ನೂ ಗುಣಿಸು, ಎಲ್ಲ ಕೂಡಿಸು. ಒಟ್ಟು ಮೊತ್ತ ಕುಲುಮೆ ಪರೀಕ್ಷೆಯ ಅಂಕಿಗೆ ತಾಳೆಯಾಗಬೇಕು, ಅಷ್ಟೇ.

ನಾನೇ ಒಂದು ಅದಿರು ಕಲ್ಪಿಸಿಕೊಂಡು ಲೆಕ್ಕ ಮಾಡಿ ತೋರಿಸುತ್ತೇನೆ. ಒಂದು ಟನ್ ಅದಿರಿನಲ್ಲಿ ಒಟ್ಟು 2.4 ಗ್ರಾಂ ಚಿನ್ನ ಇದೆ ಅಂತಿಟ್ಟುಕೋ. ಅದರಲ್ಲಿ ಆರ್ಸೆನೋಪೈರೈಟ್ ಶೇಕಡಾ 1, ಅಂದರೆ 10 ಕಿಲೋ. ಅದರೊಳಗೆ ಬೆರೆತ ಚಿನ್ನ ಟನ್ನಿಗೆ 90 ಗ್ರಾಂ. ಹಾಗಾದರೆ ಆ 10 ಕಿಲೋದಲ್ಲಿ 0.9 ಗ್ರಾಂ. ಪೈರೈಟ್ ಶೇಕಡಾ 3, ಅಂದರೆ 30 ಕಿಲೋ, ಅದರಲ್ಲಿ ಟನ್ನಿಗೆ 8 ಗ್ರಾಂ, ಹಾಗಾಗಿ 0.24 ಗ್ರಾಂ. ಪೈರೋಟೈಟ್ (ಇದೂ ಒಂದು ಗಂಧಕದ ಖನಿಜ) ಶೇಕಡಾ 2, ಟನ್ನಿಗೆ ಅರ್ಧ ಗ್ರಾಂ, ಅಂದರೆ 0.01 ಗ್ರಾಂ, ಬಿಟ್ಟರೂ ನಡೆಯುತ್ತದೆ. ಮೂರೂ ಕೂಡಿದರೆ 1.15. ಉಳಿದ 1.25 ಗ್ರಾಂ ಕಣ್ಣಿಗೋ ಸೂಕ್ಷ್ಮದರ್ಶಕಕ್ಕೋ ಕಾಣುವ ಕಣಗಳಾಗಿ ಇರಬೇಕು. ನೋಡು, ಪೈರೈಟ್ ಮೂರು ಪಟ್ಟು ಜಾಸ್ತಿ ಇದೆ, ಆದರೆ ಚಿನ್ನ ಹಿಡಿದಿಟ್ಟುಕೊಂಡದ್ದು ಆರ್ಸೆನೋಪೈರೈಟ್. ಮೇಲೆ ಸುರಪುರದವರು ಕೇಳಿದ ಅರ್ಧ ಹೊರಗೆ, ಅರ್ಧ ಒಳಗೆ ಅನ್ನುವ ಕಥೆಯೂ ಇಂಥದ್ದೇ ಇರಬಹುದು.

ಲೆಕ್ಕ ಸುಲಭ, ಆ ಅಂಕಿಗಳನ್ನು ತರುವುದೇ ಕಷ್ಟ. ಎರಡು ದಾರಿ ಇವೆ.

ಒಂದು ಆಸಿಡ್ ದಾರಿ. ಮೊದಲು ಸಯನೈಡ್ ಹಾಕಿ ಬಿಡಿ ಚಿನ್ನವನ್ನೆಲ್ಲ ತೆಗೆಯುತ್ತಾರೆ. ಉಳಿದ ಪುಡಿಯನ್ನು ಚೆನ್ನಾಗಿ ತೊಳೆದು ಹೈಡ್ರೋಕ್ಲೋರಿಕ್ ಆಸಿಡ್ ಹಾಕುತ್ತಾರೆ, ಸುಣ್ಣದ ಖನಿಜಗಳು, ಪೈರೋಟೈಟ್ ಕರಗುತ್ತವೆ. ತೊಳೆದು ಮತ್ತೆ ಸಯನೈಡ್: ಈಗ ಹೊಸದಾಗಿ ಬಂದ ಚಿನ್ನ ಅವುಗಳೊಳಗೆ ಅಡಗಿದ್ದದ್ದು. ಆಮೇಲೆ ನೈಟ್ರಿಕ್ ಆಸಿಡ್, ಪೈರೈಟ್ ಆರ್ಸೆನೋಪೈರೈಟ್ ಎರಡೂ ಹೋಗುತ್ತವೆ. ಮತ್ತೆ ಸಯನೈಡ್. ಆಮೇಲೆ ಸುಟ್ಟು ಇಂಗಾಲ ತೆಗೆದು ಮತ್ತೆ ಸಯನೈಡ್. ಕೊನೆಗೆ ಉಳಿದ ಮರಳಿನಲ್ಲಿ ಇರುವುದು ಬೆಣಚುಕಲ್ಲಿನೊಳಗೆ ಸಿಕ್ಕ ಚಿನ್ನ, ಅದನ್ನು ಕುಲುಮೆಗೆ ಹಾಕುತ್ತಾರೆ. ಉಳ್ಳಾಗಡ್ಡಿ ಸುಲಿದ ಹಾಗೆ ಪದರ ಪದರ. ನನಗೆ ಈ ವಿಧಾನ ಇಷ್ಟ, ಖರ್ಚು ಕಡಿಮೆ, ಗಣಿಯವರಿಗೆ ಬೇಕಾದ ಉತ್ತರವನ್ನು ನೇರ ಕೊಡುತ್ತದೆ. ಆದರೆ ಪೂರ್ತಿ ನಂಬಬೇಡ. ಆಸಿಡ್‌ಗೆ ಖನಿಜದ ಹೆಸರು ಗೊತ್ತಿರುವುದಿಲ್ಲ. ನೈಟ್ರಿಕ್‌ನಲ್ಲಿ ಪೈರೈಟೂ ಆರ್ಸೆನೋಪೈರೈಟೂ ಒಟ್ಟಿಗೆ ಕರಗಿದರೆ 0.9 ಯಾರದ್ದು, 0.24 ಯಾರದ್ದು ಅಂತ ಬೇರೆ ಮಾಡುವುದು ಹೇಗೆ? ಮಾಡಲಾಗುವುದಿಲ್ಲ. (ಮತ್ತೆ, ಆಸಿಡ್ ಮತ್ತು ಸಯನೈಡ್ ಒಂದಕ್ಕೊಂದು ಸೇರಿದರೆ ಏಳುವ ಹೊಗೆ ಆಳನ್ನೇ ಕೊಲ್ಲುತ್ತದೆ. ಅದಕ್ಕೇ ನಡುನಡುವೆ ಅಷ್ಟು ತೊಳೆಯುವುದು, ಅಷ್ಟು ಸುಣ್ಣ ಹಾಕುವುದು. ಕಾಲೇಜು ಲ್ಯಾಬಿನಲ್ಲಿ ಪ್ರಯತ್ನ ಕೂಡ ಬೇಡ.)

ಅದಕ್ಕೇ ಎರಡನೆಯ ದಾರಿ, ಒಂದೊಂದು ಕಣವನ್ನೇ ನೋಡುವುದು. ಪುಡಿಯನ್ನು ರಾಳದಲ್ಲಿ ಗಟ್ಟಿ ಮಾಡಿ, ಕನ್ನಡಿಯ ಹಾಗೆ ಉಜ್ಜಿ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಕೆಳಗೆ ಇಡುತ್ತಾರೆ. ಅಲ್ಲಿ ಭಾರದ ಪರಮಾಣು ಇದ್ದಷ್ಟೂ ಬೆಳ್ಳಗೆ ಕಾಣುತ್ತದೆ. ಚಿನ್ನದ ಪರಮಾಣು ಸಂಖ್ಯೆ 79, ಹಾಗಾಗಿ ಬೆಣಚುಕಲ್ಲಿನ ಕಪ್ಪಿನ ನಡುವೆ ಅದು ಹುಣ್ಣಿಮೆ ಚಂದ್ರ. ಮನುಷ್ಯ ಕೂತು ಹುಡುಕಿದರೆ ಕಣ್ಣು ಹೋಗುತ್ತದೆ. ಕಂಪ್ಯೂಟರ್ ತಾನೇ ಸಾವಿರಾರು ಕಣಗಳನ್ನು ನೋಡಿ ಬಿಳಿ ಚುಕ್ಕಿ ಎಲ್ಲಿದೆ, ಪಕ್ಕದ ಖನಿಜ ಯಾವುದು, ಪೂರ್ತಿ ಒಳಗಿದೆಯೋ ಅಂಚಿನಲ್ಲಿದೆಯೋ ಅಂತ ಪಟ್ಟಿ ಮಾಡುತ್ತದೆ. ಅಂಚಿನಲ್ಲಿದ್ದರೆ ಸಯನೈಡ್ ಮುಟ್ಟೀತು, ಒಳಗಿದ್ದರೆ ಇಲ್ಲ. ಟನ್ನಿಗೆ ಎರಡು ಗ್ರಾಂ ಅದಿರನ್ನು ಹಾಗೇ ಇಟ್ಟರೆ ಒಂದು ಚುಕ್ಕಿಯೂ ಸಿಗದೆ ಹೋಗಬಹುದು, ಅದಕ್ಕೆ ಮೊದಲು ನೀರಲ್ಲಿ ಜಾಲಿಸಿ ಭಾರದ ಭಾಗವನ್ನು ಒಟ್ಟುಗೂಡಿಸಿಕೊಳ್ಳುತ್ತಾರೆ.

ಇಷ್ಟಾದರೂ ಉಪ್ಪಿನಂತೆ ಬೆರೆತ ಚಿನ್ನ ಕಾಣುವುದಿಲ್ಲ. ಅದಕ್ಕೆ ಲೇಸರ್. ಒಂದು ಪೈರೈಟ್ ಕಣದ ಮೇಲೆ 30-50 ಮೈಕ್ರಾನ್ ಅಗಲದ ಗುಂಡಿ ತೋಡಿ, ಅಲ್ಲಿಂದ ಎದ್ದ ಧೂಳನ್ನು ಪರಮಾಣುಗಳ ತೂಕ ನೋಡುವ ಯಂತ್ರಕ್ಕೆ ಕಳಿಸುತ್ತಾರೆ. ಲೇಸರ್ ಕೆಳಗೆ ಇಳಿಯುತ್ತಾ ಹೋದಂತೆ ಚಿನ್ನದ ಗೆರೆ ತೆರೆಯ ಮೇಲೆ ಮೂಡುತ್ತದೆ. ಗೆರೆ ಸಮವಾಗಿ ಚಪ್ಪಟೆಯಾಗಿ ಹೋದರೆ ಚಿನ್ನ ಹರಳಿನಲ್ಲೇ ಬೆರೆತಿದೆ. ಥಟ್ಟನೆ ಎದ್ದು ಬಿದ್ದರೆ ಒಳಗೆಲ್ಲೋ ಒಂದು ಪುಟಾಣಿ ಕಣಕ್ಕೆ ಲೇಸರ್ ಬಡಿದಿದೆ. ಮೊದಲ ಸಲ ಆ ಗೆರೆ ನೋಡಿದಾಗ ನನಗೆ ಇಸಿಜಿ ನೆನಪಾಯಿತು. ಹೀಗೆ ಹತ್ತಾರು ಕಣಗಳ ಮೇಲೆ ಮಾಡಿದ ಸರಾಸರಿಯೇ ಮೇಲೆ ನಾನು ಸುಮ್ನೆ ಬರೆದ ಆ 90, ಆ 8. ಒಂದೆರಡು ಕಣ ನೋಡಿ ಸರಾಸರಿ ತೆಗೆಯುವವರಿದ್ದಾರೆ. ಅಂಥವರ ವರದಿಯನ್ನು ನಾನು ಪಕ್ಕಕ್ಕಿಡುತ್ತೇನೆ, ಯಾಕೆಂದರೆ ಒಂದೇ ಪೈರೈಟ್ ಹರಳಿನ ನಡುವಿಗೂ ಅಂಚಿಗೂ ಚಿನ್ನ ಬೇರೆ ಬೇರೆ ಇರುತ್ತದೆ.

ನಿನ್ನ ಪುಸ್ತಕದಲ್ಲಿರುವ ಎಕ್ಸ್-ರೇ ಡಿಫ್ರಾಕ್ಷನ್ ಇಲ್ಲಿ ಯಾವ ಖನಿಜ ಎಷ್ಟಿದೆ ಅಂತ ಹೇಳಲಿಕ್ಕೆ ಮಾತ್ರ. ಅದರಿಂದ ಚಿನ್ನ ಕಾಣುತ್ತದೆ ಅಂತ ಯಾರಾದರೂ ಹೇಳಿದರೆ ನಕ್ಕುಬಿಡು. ಕೈಯಲ್ಲಿ ಹಿಡಿಯುವ ಎಕ್ಸ್-ರೇ ಗನ್ ವಿಷಯದಲ್ಲಿ ನಾನೇ ಮೋಸ ಹೋಗಿದ್ದೇನೆ. ಒಂದು ಸಲ ಒಬ್ಬರು ತಂದ ಗನ್ನಿನಿಂದ ಕಲ್ಲಿಗೆ ಗುರಿ ಇಟ್ಟೆ, ಚಿನ್ನ ಅಂತ ತೋರಿಸಿತು, ಊರಿಗೆಲ್ಲ ಹೇಳಿಕೊಂಡು ಬಂದೆ. ಕುಲುಮೆ ಪರೀಕ್ಷೆಯಲ್ಲಿ ಸೊನ್ನೆ. ಆ ಗನ್ ಒಂದೊಂದು ಧಾತುವನ್ನು ಅದರದೇ ಎಕ್ಸ್-ರೇ ಗೆರೆ ನೋಡಿ ಗುರುತಿಸುತ್ತದೆ. ಆ ಕಲ್ಲಿನಲ್ಲಿ ಸತು ತುಂಬಿತ್ತು, ಸತುವಿನ ಒಂದು ಗೆರೆ ಚಿನ್ನದ ಗೆರೆಯ ಪಕ್ಕದಲ್ಲೇ ಬೀಳುತ್ತದೆ. ಈಗಲೂ ಗೆಳೆಯರು ಅದನ್ನೇ ಹೇಳಿ ಕಾಡುತ್ತಾರೆ.

ಇದೆಲ್ಲ ಯಾಕೆ ಬೇಕು ಅಂತ ಪರೀಕ್ಷೆಯಲ್ಲಿ ಕೇಳಿದರೆ ಆಸ್ಟ್ರೇಲಿಯಾದ ಕಾಲ್ಗೂರ್ಲಿಯ ಕಥೆ ಬರಿ. 1893ರಲ್ಲಿ ಅಲ್ಲಿ ಚಿನ್ನ ಸಿಕ್ಕಿತು. ಬಿಡಿ ಚಿನ್ನ ತೆಗೆದುಕೊಂಡು, ಹೊಳೆಯುವ ಇನ್ನೊಂದು ಕಲ್ಲನ್ನು ಪೈರೈಟ್ ಅಂತ ಬಿಸಾಡಿ ರಸ್ತೆ ಗುಂಡಿ ಮುಚ್ಚಲು ಬಳಸಿದರಂತೆ. ಆಮೇಲೆ ಗೊತ್ತಾಯಿತು, ಅದು ಚಿನ್ನ ಮತ್ತು ಟೆಲ್ಲುರಿಯಂ ಕೂಡಿದ ಖನಿಜ. ಕ್ಯಾಲವರೈಟ್ ಅನ್ನುವ ಅಂಥ ಖನಿಜದ ತೂಕದಲ್ಲಿ ಶೇಕಡಾ 40ಕ್ಕೂ ಹೆಚ್ಚು ಚಿನ್ನವೇ. ಜನ ರಸ್ತೆ ಅಗೆಯಲು ಹೊರಟರಂತೆ.

ಪ್ರಶ್ನೆ: ಚಿತ್ತಾಪುರ ಕಡೆ ಫರ್ಸಿ ಕಲ್ಲಿನ ಖಣಿಯಲ್ಲಿ ಕೆಲಸ ಮಾಡುತ್ತೇನೆ. ಒಂದೊಂದು ಸಲ ಕಲ್ಲಿನೊಳಗೆ ಹಳದಿ ಹೊಳೆಯುವ ಚೌಕ ಹರಳು ಸಿಗುತ್ತವೆ. ಬಂಗಾರವೇ?

ಉತ್ತರ: ಅಲ್ಲ, ಪೈರೈಟ್. ಚೌಕ ಅಂದ ಕೂಡಲೇ ಗೊತ್ತಾಯಿತು. ಸುತ್ತಿಗೆಯಿಂದ ಮೆಲ್ಲಗೆ ಹೊಡೆಯಿರಿ: ಬಂಗಾರ ಚಪ್ಪಟೆಯಾಗುತ್ತದೆ, ಪೈರೈಟ್ ಪುಡಿಯಾಗುತ್ತದೆ. ಬಣ್ಣ ಬಳಿಯದ ಒರಟು ಪಿಂಗಾಣಿ ಚೂರಿನ ಮೇಲೆ ಗೀಚಿದರೆ ಬಂಗಾರ ಹಳದಿ ಗೆರೆ ಬಿಡುತ್ತದೆ, ಪೈರೈಟ್ ಹಸಿರು ಮಿಶ್ರಿತ ಕಪ್ಪು. ತೆಳ್ಳಗೆ ಪದರ ಪದರವಾಗಿ ಏಳುತ್ತಿದ್ದರೆ ಅದು ಎರಡೂ ಅಲ್ಲ, ನಮ್ಮ ಅಜ್ಜಿಯಂದಿರು ಕಾಗೆಬಂಗಾರ ಅನ್ನುತ್ತಿದ್ದ ಅಭ್ರಕ. ಬೆಂಕಿಗೆ ಮಾತ್ರ ಹಾಕಬೇಡಿ. ಹೊಳೆಯುವ ಕಲ್ಲು ಆರ್ಸೆನೋಪೈರೈಟ್ ಆಗಿದ್ದರೆ ಬೆಳ್ಳುಳ್ಳಿ ವಾಸನೆ ಬರುತ್ತದೆ, ಅದು ಆರ್ಸೆನಿಕ್ ವಿಷದ ಹೊಗೆ.

ಪ್ರಶ್ನೆ: ನಾವು ಕಲಬುರಗಿ ಸರಾಫ್ ಬಜಾರಿನ ಪತ್ತಾರರು. ಒರೆಗಲ್ಲಿಗೆ ತಿಕ್ಕಿ ನೋಡಿದರೆ ಆಗುವುದಿಲ್ಲವೇ? ಇಷ್ಟೆಲ್ಲ ಯಂತ್ರ ಯಾಕೆ?

ಉತ್ತರ: ಒರೆಗಲ್ಲು ಕೈಯಲ್ಲಿರುವ ಲೋಹ ಎಷ್ಟು ಚೊಕ್ಕ ಅಂತ ಹೇಳುತ್ತದೆ. ಕಲ್ಲಿನಲ್ಲಿ ಲೋಹ ಎಷ್ಟಿದೆ ಅಂತ ಅದಕ್ಕೆ ಗೊತ್ತಾಗದು. ಆದರೆ ಕುಲುಮೆ ಪರೀಕ್ಷೆ ನೋಡಿದರೆ ನಿಮಗೆ ನಗು ಬರುತ್ತದೆ, ಅದು ನಿಮ್ಮದೇ ಕಸುಬು. ಕಲ್ಲಿನ ಪುಡಿಗೆ ಸೀಸದ ಭಸ್ಮ, ಬಿಳಿಗಾರ, ಸೋಡಾ, ಒಂದು ಚಿಟಿಕೆ ಗೋಧಿ ಹಿಟ್ಟು ಸೇರಿಸಿ 1000 ಡಿಗ್ರಿ ದಾಟಿಸುತ್ತಾರೆ. ಹಿಟ್ಟಿನ ಇಂಗಾಲದಿಂದ ಭಸ್ಮ ಮತ್ತೆ ಸೀಸವಾಗಿ ಮಳೆಹನಿಯ ಹಾಗೆ ಇಳಿಯುತ್ತಾ ದಾರಿಯಲ್ಲಿ ಸಿಕ್ಕ ಬಂಗಾರ ಬೆಳ್ಳಿಯನ್ನೆಲ್ಲ ಹೊತ್ತುಕೊಂಡು ತಳಕ್ಕೆ ಹೋಗುತ್ತದೆ. ಆ ಸೀಸದ ಗುಂಡನ್ನು ಬೂದಿಯ ಬಟ್ಟಲಲ್ಲಿ ಕಾಸಿದರೆ ಸೀಸ ಬಟ್ಟಲೊಳಗೆ ಇಂಗಿ ಸಾಸಿವೆಗಿಂತ ಸಣ್ಣ ಮಣಿ ಉಳಿಯುತ್ತದೆ. ತೇಜಾಬಿನಲ್ಲಿ ಬೆಳ್ಳಿ ಕಳೆದು ತೂಗಿದರೆ ಆಯಿತು. ನಿಮ್ಮ ಅಂಗಡಿ ಮುಂದಿನ ಕಸ ಗುಡಿಸಿ, ತೊಳೆದು ಬಂಗಾರ ತೆಗೆಯುವವರಿದ್ದಾರಲ್ಲ, ಅವರಿಗೂ ಎಷ್ಟಿದೆ ಅನ್ನುವುದಕ್ಕಿಂತ ಎಲ್ಲಿ ಸಿಕ್ಕಿಕೊಂಡಿದೆ ಅನ್ನುವುದೇ ಮುಖ್ಯ. ಧೂಳಿನಲ್ಲಿದ್ದರೆ ತೊಳೆದರೆ ಸಾಕು, ಚಾಪೆಯ ನಾರಿನಲ್ಲಿದ್ದರೆ ಸುಡಲೇಬೇಕು.

ಪ್ರಶ್ನೆ: ಬೀದರ್‌ನಲ್ಲಿ ಬಿದ್ರಿ ಕೆಲಸ ಮಾಡುತ್ತೇವೆ. ಬಂಗಾರದ ಮಾತು ಬಹಳ ಆಯಿತು. ನಾವು ಕೂರಿಸುವ ಬೆಳ್ಳಿ ಯಾವ ಕಲ್ಲಿನಿಂದ ಬರುತ್ತದೆ?

ಉತ್ತರ: ಬೈದದ್ದು ಸರಿಯಾಗಿದೆ! ನಮ್ಮ ದೇಶದ ಗಣಿಗಳ ಬೆಳ್ಳಿಯ ಬಹುಪಾಲು ರಾಜಸ್ಥಾನದ ಸೀಸ ಮತ್ತು ಸತುವಿನ ಗಣಿಗಳದ್ದು. ಬೆಳ್ಳಿಗೆ ಅಂತಲೇ ತೋಡಿದ ಗಣಿಗಳಲ್ಲ, ಸೀಸ ಸತುವಿನ ಜೊತೆ ಅದೂ ಬರುತ್ತದೆ. ಇಲ್ಲೂ ಅದೇ ಪ್ರಶ್ನೆ, ಬೆಳ್ಳಿ ಯಾವ ಖನಿಜದಲ್ಲಿ ಕೂತಿದೆ? ಗಲೀನಾ ಅನ್ನುವ ಸೀಸದ ಖನಿಜದಲ್ಲಿ ಬೆರೆತಿದ್ದರೆ, ಅಥವಾ ಅದರೊಳಗೆ ಬೆಳ್ಳಿಯ ಸಣ್ಣ ಖನಿಜವಾಗಿ ಸಿಕ್ಕಿದ್ದರೆ, ಸೀಸದ ಜೊತೆ ಪುಕ್ಕಟೆ ಸವಾರಿ ಮಾಡಿ ಕುಲುಮೆಗೆ ಬರುತ್ತದೆ. ಪೈರೈಟಿನಲ್ಲಿ ಕೂತಿದ್ದರೆ ಪೈರೈಟ್ ಜೊತೆ ಹೊರಗಿನ ಕೆಸರಿನ ಗುಡ್ಡೆಗೆ ಹೋಗುತ್ತದೆ. ಒಂದೇ ಬೆಳ್ಳಿ, ಒಂದೇ ಗಣಿ, ಕೂತ ಜಾಗ ಬೇರೆ, ಅಷ್ಟೇ.

ಸೀಸದಿಂದ ಬೆಳ್ಳಿ ಬಿಡಿಸುವ ರೀತಿ ಕೇಳಿದರೆ ನಿಮಗೆ ಖುಷಿಯಾಗುತ್ತದೆ. ಕರಗಿದ ಸೀಸಕ್ಕೆ ಸತು ಹಾಕಿ ಕಲಕುತ್ತಾರೆ. ಬೆಳ್ಳಿಗೆ ಸೀಸಕ್ಕಿಂತ ಸತುವೇ ಇಷ್ಟ, ಹಾಗಾಗಿ ಸೀಸ ಬಿಟ್ಟು ಸತುವಿಗೆ ಹೋಗಿ ಸೇರುತ್ತದೆ, ತಣಿದಾಗ ಕೆನೆಯ ಹಾಗೆ ಮೇಲೆ ತೇಲುತ್ತದೆ. 1850ರಲ್ಲಿ ಇಂಗ್ಲೆಂಡಿನ ಪಾರ್ಕ್ಸ್ ಪೇಟೆಂಟ್ ಪಡೆದ ವಿಧಾನ ಅದು. ನಿಮ್ಮ ಹೂಜಿಯ ಮೈ ಹೆಚ್ಚಿನಂಶ ಸತುವೇ ಅಲ್ವಾ, ಸ್ವಲ್ಪ ತಾಮ್ರ. ನೀವು ಅದರಲ್ಲಿ ಬೆಳ್ಳಿಯನ್ನು ಕರಗಿಸುವುದಿಲ್ಲ, ಗೆರೆ ಕೊರೆದು ತಂತಿ ಬಡಿದು ಕೂರಿಸುತ್ತೀರಿ. ಆಮೇಲೆ ಕೋಟೆಯ ಮಣ್ಣು, ನವಸಾಗರ ಹಚ್ಚಿದಾಗ ಮೈ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೇ ಉಳಿದು ಯಾವ ಗೆರೆಯಲ್ಲಿ ಕೂತಿದೆ ಅಂತ ಬರಿಗಣ್ಣಿಗೆ ತೋರಿಸಿಬಿಡುತ್ತದೆ. ನಮಗೆ ಲೇಸರ್ ಬೇಕಾಗುತ್ತದೆ, ನಿಮಗೆ ಹಿಡಿ ಮಣ್ಣು ಸಾಕು.